ಪರದೆ ಯಾರ ಹೊತ್ತಿಗೆ ತಿರುಗಬೇಕು?

ನವೆಂಬರ್ ತಿಂಗಳು ಬಂತೆಂದರೆ ನಮ್ಮ ಕಚೇರಿಯ ಹಜಾರದಲ್ಲಿ ನರೆತ ತಲೆಗಳೇ ಹೆಚ್ಚು. ನಿವೃತ್ತಿವೇತನ ಪಡೆಯುವವರು ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಸರ್ಕಾರಕ್ಕೆ ತಿಳಿಸಬೇಕಾದ ತಿಂಗಳು ಅದು. 2014ರ ನವೆಂಬರಿನಲ್ಲಿ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆ ಆರಂಭವಾದ ಮೇಲೆ ಮನೆಯಲ್ಲೇ ಕುಳಿತು ಈ ಕೆಲಸ ಮುಗಿಸಬಹುದಾದರೂ, ಬೆರಳಚ್ಚು ಅಳಿಸಿಹೋದವರು, ಮೊಬೈಲ್ ಸಂಖ್ಯೆ ಬದಲಾದವರು, ಮಕ್ಕಳು ದೂರವಿರುವವರು ಇಂದಿಗೂ ಖುದ್ದಾಗಿ ಬರುತ್ತಾರೆ. ಬಂದು, ಟೋಕನ್ ಪಡೆದು, ಗೋಡೆಯ ಮೇಲಿನ ದೊಡ್ಡ ಪರದೆಯನ್ನು ನೋಡುತ್ತಾ ಕೂರುತ್ತಾರೆ.

ಹೋದ ವರ್ಷ ಹಾಗೆ ಕುಳಿತವರಲ್ಲಿ ಒಬ್ಬ ಹಿರಿಯರು, ನಾನು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ ಹತ್ತಿರ ಬಂದರು. ಕಾರ್ಕಳದ ಕಡೆಯವರು, ಇಲ್ಲಿ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಕೈಯಲ್ಲಿ ಔಷಧಿ ಅಂಗಡಿಯ ಹಳೆಯ ಚೀಟಿ, ಅದರ ಹಿಂಬದಿಯಲ್ಲಿ ಅರ್ಧ ಬರೆದ ಮೂರು ಸಾಲು. “ಇದು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಮಾರಾಯ್ರೇ?” ಎಂದು ಪರದೆಯನ್ನು ತೋರಿಸಿದರು. ಕುಟುಂಬ ಪಿಂಚಣಿ ಪಡೆಯುವ ತಂಗಿಗೆ ಯಾವ ಯಾವ ದಾಖಲೆ ಬೇಕೆಂಬ ಪಟ್ಟಿಯನ್ನು ಅವರು ನಕಲು ಮಾಡಿಕೊಳ್ಳುತ್ತಿದ್ದರು. ಪಿಂಚಣಿ ಆದೇಶದ ಸಂಖ್ಯೆ, ಆಧಾರ್, ಬ್ಯಾಂಕ್ ಖಾತೆಯ ಸಂಖ್ಯೆ, ಮೊಬೈಲ್. ಅಲ್ಲಿಗೆ ಬರುವಷ್ಟರಲ್ಲಿ ಪರದೆ ತಿರುಗಿ ಜಾಗೃತಿ ಸಪ್ತಾಹದ ಪ್ರತಿಜ್ಞೆ ಮೂಡುತ್ತಿತ್ತು. ಮರುವಿವಾಹವಾಗಿಲ್ಲವೆಂಬ ಘೋಷಣೆಯ ಸಾಲು ಪಟ್ಟಿಯ ಕೊನೆಯಲ್ಲಿತ್ತು. ಅದನ್ನು ಅವರು ಇನ್ನೂ ತಲುಪಿರಲಿಲ್ಲ.

ನಿಲ್ಲುವುದಿಲ್ಲ ಎಂದು ನಾನು ಹೇಳಿದೆ. ಪಟ್ಟಿಯನ್ನು ಬರೆದುಕೊಟ್ಟೆ. ಅಷ್ಟರಲ್ಲಿ ಅವರ ಸಂಖ್ಯೆ ಬಂದು ಹೋಗಿತ್ತು. ಅಂದು ಧ್ವನಿವರ್ಧಕ ಕೆಟ್ಟಿತ್ತು. ಸಂಖ್ಯೆ ಬದಲಾದ ಗಳಿಗೆಯಲ್ಲಿ ಪರದೆಯ ಮೇಲೆ ಪ್ರತಿಜ್ಞೆ ಇತ್ತು. ಸಂಖ್ಯೆಯ ಪುಟ ಮರಳಿ ಬರುವ ವೇಳೆಗೆ ಕೌಂಟರಿನವರು ಇಬ್ಬರನ್ನು ದಾಟಿ ಮುಂದೆ ಹೋಗಿದ್ದರು. ಅವರು ಹೊಸ ಟೋಕನ್ ಪಡೆದು ಮತ್ತೆ ಕುಳಿತರು. ಗದ್ದಲ ಮಾಡಲಿಲ್ಲ, ದೂರು ಬರೆಯಲಿಲ್ಲ. ತಾವೇ ನಿಧಾನವಾದುದರಿಂದ ಹೀಗಾಯಿತೆಂದು ಅವರು ನಂಬಿದ್ದರು. ಆ ನಂಬಿಕೆ ತಪ್ಪೆಂದು ಹೇಳುವುದಕ್ಕಾಗಿಯೇ ಈ ಲೇಖನ.

ಆ ಪರದೆಯ ಹಿಂದೆ ಇದ್ದುದು ಮಹಾ ವ್ಯವಸ್ಥೆಯೇನಲ್ಲ. ಒಂದು ಸಾಧಾರಣ ಕಂಪ್ಯೂಟರ್, ಅದರಲ್ಲಿ ಇಡೀ ಪರದೆಯನ್ನು ಆವರಿಸಿಕೊಂಡು ಓಡುವ ಒಂದು ಡೆಸ್ಕ್‌ಟಾಪ್ ಅಪ್ಲಿಕೇಶನ್. ಅದರೊಳಗೆ ನಾಲ್ಕು ಪುಟಗಳು: ಟೋಕನ್ ಸಂಖ್ಯೆ, ದಾಖಲೆಗಳ ಪಟ್ಟಿ, ನಾಗರಿಕ ಸನ್ನದು, ಆಯಾ ವಾರದ ಪ್ರತಿಜ್ಞೆ ಅಥವಾ ಪ್ರಕಟಣೆ. ಈ ಪುಟಗಳನ್ನು ತಿರುಗಿಸುವ ಕೆಲಸ ಟೈಮರ್ ಎಂಬ ಒಂದು ಸಣ್ಣ ಘಟಕದ್ದು. ಇಷ್ಟು ಮಿಲಿಸೆಕೆಂಡಿಗೊಮ್ಮೆ ನನ್ನನ್ನು ಕರೆ ಎಂದು ಅದಕ್ಕೆ ಹೇಳಿಟ್ಟರೆ, ಹೊತ್ತು ಬಂದಾಗಲೆಲ್ಲ ಅದು ಕರೆಯುತ್ತದೆ. ಕರೆ ಬಂದಾಗ ಪುಟದ ಸಂಖ್ಯೆಗೆ ಒಂದು ಕೂಡಿಸು, ಕೊನೆಯ ಪುಟ ದಾಟಿದರೆ ಮತ್ತೆ ಮೊದಲಿಗೆ ಬಾ, ಹಳೆಯದನ್ನು ಮರೆಮಾಡಿ ಹೊಸದನ್ನು ತೋರಿಸು. ಹೆಚ್ಚೆಂದರೆ ನಾಲ್ಕೈದು ಸಾಲಿನ ಬರವಣಿಗೆ. ಹಳೆಯ ವಿಷುವಲ್ ಬೇಸಿಕ್ 6ರ ಕಾಲದಲ್ಲಿ ಟೈಮರಿಗೆ ಕೊಡಬಹುದಾದ ಗರಿಷ್ಠ ಅವಧಿ 65,535 ಮಿಲಿಸೆಕೆಂಡು, ಅಂದರೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು. ಅದಕ್ಕಿಂತ ದೀರ್ಘವಾಗಿ ಪುಟ ನಿಲ್ಲಬೇಕಿದ್ದರೆ ಬರೆಯುವವನು ಬೇರೆ ಎಣಿಕೆಯನ್ನು ಇಟ್ಟುಕೊಳ್ಳಬೇಕಿತ್ತು. ಇಂದು ಆ ಮಿತಿಯಿಲ್ಲ. ಯಾವ ಸಂಖ್ಯೆಯನ್ನಾದರೂ ಬರೆಯಬಹುದು. ನಮ್ಮ ಹಜಾರದಲ್ಲಿ ಬರೆದಿದ್ದ ಸಂಖ್ಯೆ 10,000. ಹತ್ತು ಸೆಕೆಂಡು.

ಹತ್ತು ಸೆಕೆಂಡೇ ಏಕೆ? ಕೇಳಿದೆ. ತಂತ್ರಾಂಶ ಬರೆದ ಹುಡುಗ ಸಂಭಾವಿತ, ಪ್ರಾಮಾಣಿಕವಾಗಿಯೇ ಉತ್ತರಿಸಿದ. ಪರೀಕ್ಷೆ ಮಾಡುವಾಗ ಮೂರು ಸೆಕೆಂಡು ಇಟ್ಟಿದ್ದನಂತೆ, ಪುಟ ತಿರುಗುತ್ತದೆಯೋ ಇಲ್ಲವೋ ಎಂದು ಬೇಗ ತಿಳಿಯಬೇಕಲ್ಲ. ಆಮೇಲೆ ಮೂರು ಕಡಿಮೆಯೆನ್ನಿಸಿ ಹತ್ತು ಮಾಡಿದನಂತೆ. ಅನುಮೋದನೆ ಕೊಟ್ಟವರು ಕಡತದ ಟಿಪ್ಪಣಿಯಲ್ಲಿ ಬಣ್ಣ, ಲಾಂಛನದ ಅಳತೆ, ಹಿಂದಿ ಮೊದಲೋ ಮರಾಠಿ ಮೊದಲೋ ಎಂಬುದನ್ನೆಲ್ಲ ಚರ್ಚಿಸಿದ್ದರು. ಅವಧಿಯ ಬಗ್ಗೆ ಒಂದು ಮಾತೂ ಇರಲಿಲ್ಲ. ಹಜಾರದಲ್ಲಿ ಕಾಯುವ ನೂರಾರು ಜನರ ಓದಿನ ವೇಗವನ್ನು ನಿರ್ಧರಿಸಿದ ಆ ಸಂಖ್ಯೆ ಯಾರ ನಿರ್ಧಾರವೂ ಆಗಿರಲಿಲ್ಲ.

ನನ್ನ ತಕರಾರಿನ ಮೂಲ ಇಲ್ಲಿದೆ. ಪರದೆಯ ಅವಧಿಯನ್ನು ಗೊತ್ತುಮಾಡುವವನಿಗೆ ಅದರ ಮೇಲೆ ಏನು ಬರೆದಿದೆಯೆಂದು ಮೊದಲೇ ಗೊತ್ತಿರುತ್ತದೆ. ಅವನು ಓದುವುದಿಲ್ಲ, ಗುರುತಿಸುತ್ತಾನೆ. ಗುರುತಿಸಲು ಎರಡು ಸೆಕೆಂಡು ಸಾಕು. ಹತ್ತು ಸೆಕೆಂಡು ಅವನಿಗೆ ಧಾರಾಳ. ಆದರೆ ಮೊದಲ ಬಾರಿ ನೋಡುವವನಿಗೆ ಕೆಲಸಗಳು ಹಲವು. ಪರದೆ ಬದಲಾದುದನ್ನು ಗಮನಿಸಬೇಕು, ಇದು ಯಾವ ಪುಟವೆಂದು ತಿಳಿಯಬೇಕು, ತನಗೆ ಸಂಬಂಧಿಸಿದ ಸಾಲನ್ನು ಹುಡುಕಬೇಕು, ಓದಬೇಕು, ನೆನಪಿಟ್ಟುಕೊಳ್ಳಬೇಕು. ಬರೆದುಕೊಳ್ಳುವುದಾದರೆ ಕಣ್ಣು ಪರದೆಯಿಂದ ಚೀಟಿಗೆ, ಚೀಟಿಯಿಂದ ಪರದೆಗೆ ಓಡಾಡಬೇಕು. ಪ್ರತಿ ಓಡಾಟದಲ್ಲೂ ಬಿಟ್ಟ ಜಾಗವನ್ನು ಮತ್ತೆ ಹುಡುಕಬೇಕು. ಕನ್ನಡಕ ಬದಲಿಸುವವರಾದರೆ ಅದೂ ಒಂದು ಕೆಲಸ. ಇದೆಲ್ಲವೂ ಸಾವಧಾನದ ವ್ಯವಹಾರ. ಅದನ್ನು ಬೇರೊಬ್ಬರ ಗಡಿಯಾರಕ್ಕೆ ಕಟ್ಟಿಹಾಕಿದರೆ ಓದು ಓದಾಗಿ ಉಳಿಯುವುದಿಲ್ಲ. ಓಡುವ ಬಸ್ಸಿನ ನಾಮಫಲಕವನ್ನು ಹಿಡಿಯುವ ಸಾಹಸವಾಗುತ್ತದೆ.

ನಮ್ಮ ಗಮಕ ಕಲೆಯನ್ನು ಬಲ್ಲವರಿಗೆ ಈ ಮಾತು ಸುಲಭವಾಗಿ ಅರ್ಥವಾದೀತು. ಗಮಕಿ ಪದ್ಯವನ್ನು ವಾಚಿಸುತ್ತಾರೆ, ವ್ಯಾಖ್ಯಾನಕಾರರು ಅರ್ಥ ಬಿಡಿಸುತ್ತಾರೆ. ವ್ಯಾಖ್ಯಾನ ಮುಗಿಯುವವರೆಗೆ ಗಮಕಿ ಮುಂದಿನ ಪದ್ಯಕ್ಕೆ ಹೋಗುವುದಿಲ್ಲ. ಸಭೆ ಚುರುಕಾಗಿದ್ದರೆ ವ್ಯಾಖ್ಯಾನ ಚಿಕ್ಕದು, ಎಳೆಯರು ಹೆಚ್ಚಿದ್ದರೆ ಅದು ಹಿಗ್ಗುತ್ತದೆ. ಇಡೀ ಏರ್ಪಾಡಿನ ಲಯ ನಿಂತಿರುವುದು ಎದುರಿಗೆ ಕುಳಿತವರಿಗೆ ತಿಳಿಯಿತೇ ಎಂಬ ಪ್ರಶ್ನೆಯ ಮೇಲೆ. ಗಮಕಿಗಳ ಕೈಗೆ ಗಡಿಯಾರ ಕೊಟ್ಟು, ಹತ್ತು ಸೆಕೆಂಡಿಗೊಂದು ಪದ್ಯ ಮುಗಿಸಿ ಎಂದರೆ ಏನಾದೀತೋ ಅದೇ ನಮ್ಮ ಹಜಾರದಲ್ಲಿ ದಿನವೂ ನಡೆಯುತ್ತಿತ್ತು.

ಚಾಪ್ಲಿನ್‌ನ ‘ಮಾಡರ್ನ್ ಟೈಮ್ಸ್’ 1936ರ ಚಿತ್ರ. ಅದರಲ್ಲಿ ಕಾರ್ಖಾನೆಯ ಯಜಮಾನ ತನ್ನ ಕೋಣೆಯಲ್ಲಿ ಕುಳಿತು ಪರದೆಯ ಮೂಲಕ ಎಲ್ಲವನ್ನೂ ನೋಡುತ್ತಾ, ಸಾಲುಪಟ್ಟಿಯ ವೇಗವನ್ನು ಹೆಚ್ಚಿಸಲು ಆಜ್ಞಾಪಿಸುತ್ತಾನೆ. ಬೋಲ್ಟು ತಿರುಗಿಸುವ ಬಡಪಾಯಿ ಆ ವೇಗಕ್ಕೆ ತನ್ನ ಕೈಯನ್ನು ಹೊಂದಿಸಲಾರದೆ ಕಂಗೆಡುತ್ತಾನೆ. ಎಂ.ಎ. ಓದುವಾಗ ಆ ಚಿತ್ರವನ್ನು ನೋಡಿ ನಕ್ಕವನು ನಾನು. ನಮ್ಮ ಹಜಾರದಲ್ಲಿ ಅಂಥ ಯಜಮಾನನಿಲ್ಲ, ದುರುದ್ದೇಶವೂ ಇಲ್ಲ. ಆದರೂ ವೇಗವನ್ನು ಒಬ್ಬರು ಗೊತ್ತುಮಾಡಿ, ಅದನ್ನು ಅನುಭವಿಸುವವರು ಮತ್ತೊಬ್ಬರಾದಾಗ, ಹಿಂದೆ ಬಿದ್ದವನು ತನ್ನನ್ನೇ ಹಳಿದುಕೊಳ್ಳುವುದು ಎರಡೂ ಕಡೆ ಒಂದೇ.

ಭಾಷೆಯ ಲೆಕ್ಕವನ್ನು ಸೇರಿಸಿದರೆ ಈ ಅನ್ಯಾಯ ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಪರದೆಯಲ್ಲಿ ಪ್ರತಿಯೊಂದು ಪುಟವೂ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಒಂದಾದ ಮೇಲೊಂದು ಬರುತ್ತಿತ್ತು. ನಾಲ್ಕು ಪುಟ, ಮೂರು ಭಾಷೆ, ಹತ್ತು ಸೆಕೆಂಡು: ಒಂದು ಸುತ್ತಿಗೆ 120 ಸೆಕೆಂಡು. ಮರಾಠಿಯನ್ನು ಮಾತ್ರ ಓದಬಲ್ಲವರಿಗೆ ಬೇಕಾದ ಪುಟ ಬೇಕಾದ ಭಾಷೆಯಲ್ಲಿ ಕಾಣಿಸುವುದು ಆ 120ರಲ್ಲಿ ಹತ್ತೇ ಸೆಕೆಂಡು, ಹನ್ನೆರಡರಲ್ಲಿ ಒಂದು ಪಾಲು. ದಾಖಲೆಗಳ ಪಟ್ಟಿಯನ್ನು ನಕಲು ಮಾಡಲು ಅವರಿಗೆ ಒಂದು ನಿಮಿಷ ಬೇಕೆನ್ನೋಣ. ಆ ಒಂದು ನಿಮಿಷವನ್ನು ಹತ್ತು ಹತ್ತು ಸೆಕೆಂಡಿನ ಆರು ತುಣುಕುಗಳಲ್ಲಿ ಹೆಕ್ಕಿಕೊಳ್ಳಬೇಕು. ಮೊದಲ ತುಣುಕಿನ ಆರಂಭದಿಂದ ಆರನೆಯದರ ಕೊನೆಯವರೆಗೆ ಐದು ಪೂರ್ಣ ಸುತ್ತು, ಮೇಲೆ ಹತ್ತು ಸೆಕೆಂಡು: 610 ಸೆಕೆಂಡು. ಒಂದು ನಿಮಿಷದ ಕೆಲಸಕ್ಕೆ ಹತ್ತು ನಿಮಿಷಕ್ಕೂ ಮಿಕ್ಕ ಕಾಲ. ಈ ಹತ್ತು ನಿಮಿಷದುದ್ದಕ್ಕೂ ಕಣ್ಣು ಬೇರೆಡೆ ಹೋಗಬಾರದು, ಪಕ್ಕದವರು ಮಾತಾಡಿಸಬಾರದು. ಇಷ್ಟಾಗಿಯೂ ಕಾಗದದಲ್ಲಿ ಮಾತ್ರ ಮೂರೂ ಭಾಷೆಗಳಿಗೆ ಸಮಪಾಲು ಕೊಟ್ಟಾಗಿದೆ. ಸರದಿ ಸಮಾನವಾದ ಮಾತ್ರಕ್ಕೆ ಓದುವ ಅವಕಾಶ ಸಮಾನವಾಗುವುದಿಲ್ಲ.

ಇದನ್ನು ನಮ್ಮ ರೈಲು ನಿಲ್ದಾಣದ ಹಳದಿ ಫಲಕದ ಜೊತೆ ಹೋಲಿಸಿ ನೋಡಿ. ಸಿಮೆಂಟಿನ ಎರಡು ಕಂಬಗಳ ನಡುವೆ, ಹಳದಿಯ ಮೇಲೆ ಕಪ್ಪು ಅಕ್ಷರಗಳಲ್ಲಿ, ಊರಿನ ಹೆಸರು ಪ್ರಾದೇಶಿಕ ಭಾಷೆ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಒಟ್ಟಿಗೇ ಇರುತ್ತದೆ. ಯಾವ ಭಾಷೆಯೂ ಇನ್ನೊಂದು ಮುಗಿಯಲೆಂದು ಕಾಯುವುದಿಲ್ಲ. ನಡುರಾತ್ರಿ ಎಚ್ಚರವಾಗಿ ಕಿಟಕಿಯಿಂದ ಇಣುಕಿದವನಿಗೂ, ಬಂಡಿ ನಿಧಾನವಾಗುವಾಗ ಬಾಗಿಲಲ್ಲಿ ನಿಂತವನಿಗೂ ಅವನವನ ಲಿಪಿ ಅಲ್ಲಿಯೇ ಇದೆ. ರೈಲು ಚಲಿಸುತ್ತದೆ, ಫಲಕ ನಿಂತಿರುತ್ತದೆ. ಯಾವುದು ಚಲಿಸಬೇಕು, ಯಾವುದು ನಿಲ್ಲಬೇಕೆಂಬ ವಿವೇಕ ಆ ಬಡ ಫಲಕದಲ್ಲಿದೆ.

ಮುಂಬಯಿ ಲೋಕಲ್ಲಿನ ಇಂಡಿಕೇಟರಿನಲ್ಲಿ ಲಿಪಿ ಬದಲಾಗುತ್ತದೆಯಲ್ಲ ಎಂದು ನೀವು ಕೇಳಬಹುದು. ಹೌದು, ಬದಲಾಗುತ್ತದೆ. ಆದರೆ ಅಲ್ಲಿ ತೋರಿಸುತ್ತಿರುವ ಸಂಗತಿ ಒಂದೇ: ಮುಂದೆ ಬರುವ ಗಾಡಿ. ‘ಕೆ’ ಎಂದರೆ ಕಲ್ಯಾಣ್, ‘ಟಿ’ ಎಂದರೆ ಠಾಣೆ, ಫಾಸ್ಟೋ ಸ್ಲೋವೋ, ಹನ್ನೆರಡು ಡಬ್ಬಿಯೋ ಹದಿನೈದೋ, ಇನ್ನೆಷ್ಟು ನಿಮಿಷ. ಒಂದು ನೋಟಕ್ಕೆ ಸಿಗುವಷ್ಟೇ ವಿಷಯ. ಲಿಪಿ ಬದಲಾದರೂ ಗಾಡಿ ಬದಲಾಗದು. ಆ ಫಲಕದ ಮೇಲೆ ಕಲ್ಯಾಣ್ ಗಾಡಿಯನ್ನು ಅಡಗಿಸಿ ನಾಗರಿಕ ಸನ್ನದನ್ನು ತೋರಿಸಿದ್ದರೆ ಪ್ಲಾಟ್‌ಫಾರ್ಮಿನಲ್ಲಿ ಗಲಭೆಯೇ ಆದೀತು. ಅಂಥ ಗಲಭೆ ಮಾಡುವ ಕಸುವು ಪಿಂಚಣಿದಾರರಲ್ಲಿ ಇಲ್ಲ.

ಹಳೆಯ ವಿಮಾನ ನಿಲ್ದಾಣಗಳಲ್ಲಿ, ಯೂರೋಪಿನ ರೈಲು ನಿಲ್ದಾಣಗಳಲ್ಲಿ ಇದ್ದ ಮಡಿಚುಪಟ್ಟಿಯ ಫಲಕಗಳನ್ನು ಕೆಲವರಾದರೂ ನೋಡಿರಬಹುದು, ಚಲನಚಿತ್ರಗಳಲ್ಲಂತೂ ನೋಡಿರುತ್ತೀರಿ. ಇಟಲಿಯ ಉದಿನೆ ಪಟ್ಟಣದ ಸೊಲಾರಿ ಎಂಬ ಗಡಿಯಾರ ತಯಾರಕರು ಅವುಗಳಿಂದ ಹೆಸರಾದವರು. ಟಪಟಪನೆ ಪಟ್ಟಿಗಳು ಮಗುಚಿ ಹೊಸ ಅಕ್ಷರಗಳು ಮೂಡುವ ಆ ಫಲಕ ಸುಮ್ಮನೆ ತಿರುಗುತ್ತಿರಲಿಲ್ಲ. ವಿಮಾನ ತಡವಾದರೆ, ಗೇಟು ಬದಲಾದರೆ, ಮೇಲಿನ ಗಾಡಿ ಹೊರಟುಹೋದರೆ ಮಾತ್ರ ಅದು ಸದ್ದು ಮಾಡುತ್ತಿತ್ತು. ಆದ್ದರಿಂದ ಆ ಸದ್ದಿಗೆ ಒಂದು ಅರ್ಥವಿತ್ತು. ಪುಸ್ತಕ ಓದುತ್ತಾ ಕುಳಿತವರು ಸದ್ದು ಕೇಳಿ ತಲೆಯೆತ್ತುತ್ತಿದ್ದರು. ಟೈಮರಿನ ಪರದೆ ಹಾಗಲ್ಲ. ಹೊಸತೇನೂ ಇಲ್ಲದಿದ್ದರೂ ತಿರುಗುತ್ತದೆ, ಹೊಸತು ಬಂದಾಗಲೂ ತನ್ನ ಸರದಿ ಬರುವವರೆಗೆ ಅದನ್ನು ಅಡಗಿಸಿಡುತ್ತದೆ. ನೋಡುವವರಿಗೆ ಎಚ್ಚರಿಕೆಯ ಸುಳಿವೇ ಇಲ್ಲ. ಆದ್ದರಿಂದ ಸದಾ ನೋಡುತ್ತಲೇ ಇರಬೇಕು.

ಇದರಿಂದ ಇನ್ನೊಂದು ಅಪಾಯವೂ ಇದೆ. ಚಲನೆ ಜೀವಂತಿಕೆಯ ಭ್ರಮೆಯನ್ನು ಹುಟ್ಟಿಸುತ್ತದೆ. ಒಮ್ಮೆ ನಮ್ಮಲ್ಲಿ ಕೌಂಟರಿನ ಕಂಪ್ಯೂಟರಿಗೂ ಪರದೆಯ ಕಂಪ್ಯೂಟರಿಗೂ ನಡುವಿನ ಸಂಪರ್ಕ ಕಡಿದುಹೋಯಿತು. ಟೋಕನ್ ಸಂಖ್ಯೆ ಬಹಳ ಹೊತ್ತು ಇದ್ದಲ್ಲೇ ಇತ್ತು. ಆದರೆ ಪುಟಗಳು ಎಂದಿನಂತೆ ತಿರುಗುತ್ತಲೇ ಇದ್ದವು, ಏಕೆಂದರೆ ಟೈಮರಿಗೆ ಸಂಪರ್ಕದ ಗೊಡವೆಯಿಲ್ಲ. ಅದು ಬೇರೆ, ಮಾಹಿತಿ ತರುವ ಭಾಗ ಬೇರೆ. ಪರದೆ ಪೂರ್ತಿ ಕಪ್ಪಾಗಿದ್ದರೆ ಯಾರಾದರೂ ಎದ್ದು ಬಂದು ಕೇಳುತ್ತಿದ್ದರು. ತಿರುಗುತ್ತಿದ್ದುದರಿಂದ ಎಲ್ಲರೂ ನಂಬಿ ಕುಳಿತರು. ಸತ್ತ ಮಾಹಿತಿಯನ್ನು ಹೊತ್ತು ತಿರುಗುವ ಪರದೆಗಿಂತ ಕೆಟ್ಟು ನಿಂತ ಪರದೆಯೇ ಪ್ರಾಮಾಣಿಕ. ಮೂಲೆಯಲ್ಲಿ ‘ಈ ಮಾಹಿತಿ ಇಷ್ಟು ಗಂಟೆಗೆ ಬಂದದ್ದು’ ಎಂಬ ಒಂದು ಸಾಲು ಇದ್ದಿದ್ದರೆ ಸಾಕಿತ್ತು.

ಇದು ನನ್ನೊಬ್ಬನ ಗೊಣಗಾಟವೆಂದು ಭಾವಿಸಬೇಡಿ. ಜಾಲತಾಣಗಳನ್ನು ಎಲ್ಲರಿಗೂ ಎಟುಕುವಂತೆ ಮಾಡಲು ಜಾಗತಿಕವಾಗಿ ಒಪ್ಪಿತವಾದ ಡಬ್ಲ್ಯುಸಿಎಜಿ ಎಂಬ ಮಾರ್ಗಸೂತ್ರಗಳ ಎರಡನೆಯ ಆವೃತ್ತಿ 2008ರಲ್ಲಿ ಪ್ರಕಟವಾಯಿತು. ಅದರ ಒಂದು ಸೂತ್ರ ನೇರವಾಗಿ ಇದೇ ವಿಷಯವನ್ನು ಹೇಳುತ್ತದೆ: ಬೇರೆ ವಿಷಯಗಳ ಜೊತೆಯಲ್ಲಿ ತಾನಾಗಿಯೇ ಚಲಿಸತೊಡಗುವ ಯಾವುದೇ ಅಂಶ ಐದು ಸೆಕೆಂಡಿಗಿಂತ ಹೆಚ್ಚು ಮುಂದುವರಿದರೆ, ಅದನ್ನು ತಡೆಯುವ, ನಿಲ್ಲಿಸುವ ಅಥವಾ ಮರೆಮಾಡುವ ಉಪಾಯ ಬಳಕೆದಾರನ ಕೈಯಲ್ಲಿರಬೇಕು. ಇನ್ನೊಂದು ಸೂತ್ರ ಕಾಲಮಿತಿಯನ್ನು ಕುರಿತದ್ದು: ಮಿತಿಯನ್ನು ತೆಗೆದುಹಾಕಲು, ಹಿಗ್ಗಿಸಲು ಅವಕಾಶವಿರಬೇಕು. ನಮ್ಮ ಸರ್ಕಾರಿ ಜಾಲತಾಣಗಳಿಗಾಗಿ 2009ರಲ್ಲಿ ಬಂದ ಮಾರ್ಗಸೂಚಿಗಳೂ ಈ ಸೂತ್ರಗಳನ್ನು ಆಧರಿಸಿವೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಮಾಹಿತಿಯ ಎಟುಕುವಿಕೆಯನ್ನು ಹಕ್ಕಿನ ಮಾತಾಗಿಸಿತು. ಜಾಲತಾಣವಲ್ಲದ ತಂತ್ರಾಂಶವನ್ನೂ ಒಳಗೊಳ್ಳುವ ಐಎಸ್ 17802 ಎಂಬ ಮಾನಕವನ್ನು ಭಾರತೀಯ ಮಾನಕ ಬ್ಯೂರೋ 2021ರಲ್ಲಿ ಹೊರತಂದಿತು.

ಗೋಡೆಯ ಮೇಲಿನ ಪರದೆಗೆ ಈ ಸೂತ್ರಗಳನ್ನು ಪದಶಃ ಅನ್ವಯಿಸುವುದು ಕಷ್ಟ, ಒಪ್ಪುತ್ತೇನೆ. ಗೋಡೆಯ ಪರದೆಗೆ ಮೌಸ್ ಇಲ್ಲ. ಐವತ್ತು ಮಂದಿ ನೋಡುವ ಪರದೆಯನ್ನು ಒಬ್ಬರು ನಿಲ್ಲಿಸಿದರೆ ಉಳಿದವರ ಗತಿಯೇನು? ಆದರೆ ಸೂತ್ರದ ಹಿಂದಿನ ನ್ಯಾಯ ಸರಳ: ಓದುವವನ ಕಾಲ ಓದುವವನದು. ನಿಲ್ಲಿಸುವ ಗುಂಡಿಯನ್ನು ಕೊಡಲಾಗದಿದ್ದರೆ, ನಿಲ್ಲಿಸುವ ಅಗತ್ಯವೇ ಬಾರದಂತೆ ಪರದೆಯನ್ನು ರೂಪಿಸುವ ಹೊಣೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ತಿರುಗುವ ಪರದೆಯ ಪರವಾಗಿ ಹೇಳುವ ಮಾತುಗಳೂ ಇವೆ; ಅವನ್ನು ತಳ್ಳಿಹಾಕಲಾರೆ. ಜಾಗ ಸಣ್ಣದು, ಹೇಳಬೇಕಾದದ್ದು ಬಹಳ. ಎಲ್ಲವನ್ನೂ ಒಟ್ಟಿಗೆ ತುರುಕಿದರೆ ಅಕ್ಷರ ಇರುವೆಯ ಸಾಲಾಗುತ್ತದೆ ಎಂಬುದು ಒಂದು. ಒಂದೇ ಚಿತ್ರ ವರ್ಷಗಟ್ಟಲೆ ನಿಂತರೆ ಕೆಲವು ಬಗೆಯ ಪರದೆಗಳಲ್ಲಿ ಅದರ ಅಚ್ಚು ಉಳಿದುಬಿಡುತ್ತದೆ ಎಂಬುದು ಇನ್ನೊಂದು. ಹಳೆಯ ಗಾಜಿನ ಮಾನಿಟರುಗಳ ಕಾಲದಲ್ಲಿ ಸ್ಕ್ರೀನ್‌ಸೇವರ್ ಹುಟ್ಟಿದ್ದೇ ಈ ಕಾರಣಕ್ಕೆ. ನಿಂತ ಫಲಕವನ್ನು ಯಾರೂ ನೋಡುವುದಿಲ್ಲ, ಚಲಿಸಿದರೆ ಗಮನ ಸೆಳೆಯುತ್ತದೆ ಎಂಬುದು ಮೂರನೆಯದು.

ಮೊದಲನೆಯದಕ್ಕೆ ನನ್ನ ಉತ್ತರ: ಹೇಳಬೇಕಾದದ್ದು ನಿಜವಾಗಿಯೂ ಅಷ್ಟಿದೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಪುಟ ಸೇರಿಸುವುದು ಸುಲಭವಾದುದರಿಂದಲೇ ಪುಟಗಳು ಬೆಳೆಯುತ್ತವೆ. ಪ್ರತಿ ಶಾಖೆಯವರೂ ತಮ್ಮದೊಂದು ಇರಲಿ ಎನ್ನುತ್ತಾರೆ. ಹೊಸ ಪುಟಕ್ಕೆ ಖರ್ಚಿಲ್ಲವೆಂದು ನಾವು ಭಾವಿಸುತ್ತೇವೆ. ಆದರೆ ಪ್ರತಿ ಹೊಸ ಪುಟವೂ ಉಳಿದ ಎಲ್ಲ ಪುಟಗಳಿಗಾಗಿ ಕಾಯುವ ಅವಧಿಯನ್ನು ಹೆಚ್ಚಿಸುತ್ತದೆ. ಆ ಖರ್ಚನ್ನು ಕುರ್ಚಿಯಲ್ಲಿ ಕುಳಿತವರು ಭರಿಸುತ್ತಾರೆ. ಎರಡನೆಯದಕ್ಕೆ: ಅಚ್ಚು ಬೀಳದಂತೆ ತಡೆಯಲು ರಾತ್ರಿ ಪರದೆಯನ್ನು ಆರಿಸಬಹುದು, ಬರಹವನ್ನು ಆಗಾಗ ಕೂದಲೆಳೆಯಷ್ಟು ಅತ್ತಿತ್ತ ಸರಿಸಬಹುದು, ಪುಟವನ್ನೇ ಕಸಿದುಕೊಳ್ಳಬೇಕಾಗಿಲ್ಲ. ಮೂರನೆಯದು ನನಗೆ ತುಂಬ ತೊಡಕಿನದಾಗಿ ಕಾಣುತ್ತದೆ. ಗಮನ ಸೆಳೆಯುವುದು ಜಾಹೀರಾತಿನ ಕೆಲಸ. ಕಚೇರಿಗೆ ಬಂದು ಟೋಕನ್ ಹಿಡಿದು ಕುಳಿತವರ ಗಮನ ಆಗಲೇ ನಮ್ಮದಾಗಿದೆ. ಅದನ್ನು ಸೆಳೆಯುವ ಅಗತ್ಯವಿಲ್ಲ, ಪೋಲು ಮಾಡದಿದ್ದರೆ ಸಾಕು.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಮಾತನ್ನೂ ಆಡಬೇಕು. ಹೊರನಾಡಿನ ಕನ್ನಡಿಗರಾದ ನಾವು ನಮ್ಮ ಲಿಪಿಯ ಸರದಿಗಾಗಿ ಕಾಯುವುದು ಏನೆಂದು ಬಲ್ಲವರು. ಈ ಊರಿನ ಪರದೆಗಳಲ್ಲಿ ಕನ್ನಡಕ್ಕೆ ಸರದಿಯೇ ಇಲ್ಲ. ಇರಬೇಕೆಂದು ನಾನು ವಾದಿಸುತ್ತಲೂ ಇಲ್ಲ. ಆ ಹಿರಿಯರು ಮರಾಠಿಯನ್ನು ವರ್ಕ್‌ಶಾಪಿನಲ್ಲಿ ಕೇಳಿ ಕಲಿತವರು, ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುವವರು. ಎರಡನೆಯ, ಮೂರನೆಯ ಭಾಷೆಯಲ್ಲಿ ಓದುವವರ ನಿಧಾನ ಎಂಥದೆಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಆದರೂ ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ನಾವು ಮಾಡುವುದೇನು? ವೇದಿಕೆಯ ಹಿಂದೆ ಪರದೆ, ಅದರ ಮೇಲೆ ದಾನಿಗಳ ಹೆಸರು, ಪ್ರಾಯೋಜಕರ ಲಾಂಛನ, ಕವಿಯ ಭಾವಚಿತ್ರ, ಕಾರ್ಯಕ್ರಮದ ವಿವರ, ಎಲ್ಲವೂ ಕ್ಷಣಕ್ಕೊಂದರಂತೆ ಹಾರುತ್ತಿರುತ್ತವೆ. ಪವರ್‌ಪಾಯಿಂಟಿನಲ್ಲಿ ಪುಟ ತಿರುಗಲು ಎರಡು ದಾರಿಗಳಿವೆ: ಮೌಸ್ ಒತ್ತಿದಾಗ, ಅಥವಾ ಇಂತಿಷ್ಟು ಸೆಕೆಂಡಿನ ನಂತರ. ಮೌಸಿನ ಬಳಿ ಒಬ್ಬರು ಕೂರಬೇಕಾಗುತ್ತದೆಂದು ನಾವು ಎರಡನೆಯದನ್ನು ಆರಿಸುತ್ತೇವೆ. ಮೊನ್ನೆ ಒಂದು ಶ್ರದ್ಧಾಂಜಲಿ ಸಭೆಯಲ್ಲಿ ಅಗಲಿದ ಹಿರಿಯ ಲೇಖಕಿಯ ಬಗ್ಗೆ ಒಬ್ಬರು ಗದ್ಗದಿತರಾಗಿ ಮಾತಾಡುತ್ತಿದ್ದರು. ಅವರ ಹಿಂದೆ ಆ ತಾಯಿಯ ಚಿತ್ರ ನಾಲ್ಕು ಸೆಕೆಂಡು ಬಂದು, ಮಿಠಾಯಿ ಅಂಗಡಿಯೊಂದರ ಶುಭಾಶಯಕ್ಕೆ ಎಡೆಮಾಡಿಕೊಟ್ಟು ಹೋಗುತ್ತಿತ್ತು. ಪರದೆಯನ್ನು ನಿಲ್ಲಿಸಬೇಕೆಂದು ನಮಗೆ ಯಾರಿಗೂ ತೋಚಲಿಲ್ಲ. ನನಗೂ ತೋಚಲಿಲ್ಲ.

ಹಾಗಾದರೆ ಏನು ಮಾಡಬಹುದು? ಹಜಾರದ ಘಟನೆಯ ನಂತರ ನಾನೊಂದು ಟಿಪ್ಪಣಿ ಬರೆದೆ. ಅದರ ಸಾರ ಇಷ್ಟು. ಜನ ಯಾವುದಕ್ಕಾಗಿ ಕಾಯುತ್ತಿದ್ದಾರೋ ಅದು ಎಂದೂ ಕಣ್ಮರೆಯಾಗಕೂಡದು. ಟೋಕನ್ ಸಂಖ್ಯೆಗೆ ಪರದೆಯ ಮೇಲ್ಭಾಗದಲ್ಲಿ ಖಾಯಂ ಪಟ್ಟಿ ಇರಲಿ, ಉಳಿದದ್ದು ಕೆಳಗೆ ತಿರುಗಲಿ. ನಕಲು ಮಾಡಿಕೊಳ್ಳಬೇಕಾದ ಯಾವುದನ್ನೂ ತಿರುಗುವ ಪುಟದಲ್ಲಿ ಹಾಕಕೂಡದು. ಅದಕ್ಕೆ ಕಾಗದವೇ ಸರಿ. ತಿರುಗುವ ಪುಟದ ಅವಧಿಯನ್ನು ಬರೆದವನ ಅಂದಾಜಿನಿಂದಲ್ಲ, ಗಟ್ಟಿಯಾಗಿ ನಿಧಾನಕ್ಕೆ ಎರಡು ಬಾರಿ ಓದಿ ಗೊತ್ತುಮಾಡಬೇಕು. ಪುಟದಿಂದ ಪುಟಕ್ಕೆ ಅದು ಬೇರೆಯಾಗಿರಲಿ, ಏಕೆಂದರೆ ಮೂರು ಸಾಲಿಗೂ ಒಂಬತ್ತು ಸಾಲಿಗೂ ಒಂದೇ ಅಳತೆ ಸಲ್ಲದು. ಎಷ್ಟು ಪುಟಗಳಿವೆ, ಇದು ಎಷ್ಟನೆಯದು ಎಂದು ಮೂಲೆಯಲ್ಲಿ ಕಾಣಲಿ. ಕಾಯಬೇಕಾದವನಿಗೆ ಎಷ್ಟು ಕಾಯಬೇಕೆಂದು ತಿಳಿದರೆ ಅರ್ಧ ಸಂಕಟ ಕಡಿಮೆ. ಮಾಹಿತಿ ಬಂದ ಹೊತ್ತು ಕಾಣಲಿ. ಸಿಬ್ಬಂದಿ ತಮ್ಮ ಮೇಜಿನ ಮೇಲೆ ಬಳಸುವ ಅಪ್ಲಿಕೇಶನ್ ಆದರೆ ಕೀಲಿಯನ್ನೋ ಮೌಸನ್ನೋ ಮುಟ್ಟಿದ ಕೂಡಲೇ ತಿರುಗುವುದು ನಿಲ್ಲಲಿ, ಮತ್ತೆ ಹೇಳುವವರೆಗೆ ಆರಂಭವಾಗದಿರಲಿ.

ಟಿಪ್ಪಣಿ ಕಡತದೊಳಗೆ ತನ್ನದೇ ಗತಿಯಲ್ಲಿ ತಿರುಗಿತು. ಫಲ ಪೂರ್ತಿ ಸಿಕ್ಕಿಲ್ಲ. ಟೋಕನ್ ಸಂಖ್ಯೆಗೆ ಖಾಯಂ ಜಾಗ ದೊರೆಯಿತು. ಹತ್ತು ಸೆಕೆಂಡು ಇಪ್ಪತ್ತೈದಾಯಿತು, ಎಲ್ಲ ಪುಟಗಳಿಗೂ ಒಂದೇ. ಪುಟಗಳ ಸಂಖ್ಯೆ ನಾಲ್ಕರಿಂದ ಐದಕ್ಕೇರಿತು. ಅಂದರೆ ಹದಿನೈದು ಸರದಿ, 375 ಸೆಕೆಂಡಿನ ಸುತ್ತು. ಒಂದು ಪುಟ ತಪ್ಪಿದರೆ ಮತ್ತೆ ಕಾಣಲು ಈಗ ಆರು ನಿಮಿಷ ಬೇಕು. ಅವಧಿಯನ್ನು ಹಿಗ್ಗಿಸುವುದೊಂದೇ ಮದ್ದಲ್ಲವೆಂಬುದಕ್ಕೆ ನನ್ನ ಟಿಪ್ಪಣಿಯೇ ಸಾಕ್ಷಿಯಾಯಿತು. ನಿಜವಾಗಿ ಉಪಯೋಗಕ್ಕೆ ಬಂದದ್ದು ಕಾಗದ. ದಾಖಲೆಗಳ ಪಟ್ಟಿಯನ್ನು ಮೂರೂ ಭಾಷೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಪರದೆಯ ಕೆಳಗೆ ಅಂಟಿಸಿದೆವು, ಕೌಂಟರಿನ ಪಕ್ಕದಲ್ಲಿ ಒಂದು ಕಟ್ಟು ಚೀಟಿಗಳನ್ನೂ ಇಟ್ಟೆವು. ಲಕ್ಷಾಂತರ ರೂಪಾಯಿಯ ಪರದೆ ಬೇಕಿರಲಿಲ್ಲ, ಗೋಂದು ಬೇಕಿತ್ತು.

ಈ ತಾಣವನ್ನು ಓದುವವರಲ್ಲಿ ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ತಂತ್ರಾಂಶ ಬರೆದು ಜೀವನ ನಡೆಸುವವರು ಸಾಕಷ್ಟಿದ್ದಾರೆಂದು ಬಲ್ಲೆ. ಅವರಲ್ಲಿ ನನ್ನದೊಂದು ವಿನಂತಿ. ಮುಂದಿನ ಬಾರಿ ಟೈಮರಿಗೆ ಒಂದು ಸಂಖ್ಯೆಯನ್ನು ಬರೆಯುವಾಗ, ಅದನ್ನು ಬರೆದು ಮುಗಿಸಿದ ಮೇಲೆ, ಒಂದು ಪೆನ್ನು ಮತ್ತು ಒಂದು ಚೀಟಿಯನ್ನು ಹಿಡಿದು ಹಜಾರದ ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತುಕೊಳ್ಳಿ. ನಿಮ್ಮ ತಾಯಿಭಾಷೆಯಲ್ಲದ ಭಾಷೆಯ ಪುಟ ಬರುವವರೆಗೆ ಕಾಯಿರಿ. ಬಂದಾಗ ಅದರಲ್ಲಿರುವ ಪಟ್ಟಿಯನ್ನು ಕೊನೆಯ ಸಾಲಿನವರೆಗೆ ಬರೆದುಕೊಳ್ಳಲು ಪ್ರಯತ್ನಿಸಿ. ಆಗದಿದ್ದರೆ ತಪ್ಪು ನಿಮ್ಮ ಕೈಯದಲ್ಲ, ನೀವು ಬರೆದ ಸಂಖ್ಯೆಯದು. ಎದ್ದು ಹೋಗಿ ಅದನ್ನು ತಿದ್ದುವ ಅಧಿಕಾರ ಆ ಹಜಾರದಲ್ಲಿ ಕುಳಿತವರಿಗೆ ಯಾರಿಗೂ ಇಲ್ಲ, ನಿಮಗೆ ಮಾತ್ರ ಇದೆ.